ಹೇಳೋರಿಲ್ಲ, ಕೇಳೋರಿಲ್ಲ!

ಟೆಕ್ಸಾಸ್‌ನ ಹಳ್ಳಿಗಾಡಲ್ಲಿ ಎಚ್‌ಓಎ ಇಲ್ಲದ ಮನೆ ಕೊಂಡು ಎರಡು ವರ್ಷವಾಯ್ತು. ಹಿಂದಿನ ಮನೆಯಲ್ಲಿ ಹುಲ್ಲು ಸ್ವಲ್ಪ ಬೆಳೆದರೂ ನೋಟೀಸು. ಶುಲ್ಕ ಬಾಕಿ ಬಿದ್ರೆ ಮನೆ ಹರಾಜಿಗೂ ಬರಬಹುದು. ಇಲ್ಲಿ ಹಿತ್ತಲಲ್ಲಿ ಬಸಳೆ ಚಪ್ಪರ, ಬಟ್ಟೆ ಒಣಗಿಸೋ ಹಗ್ಗ... ಸ್ವರ್ಗ ಅನ್ಕೊಂಡೆ!

ಆದ್ರೆ ಸೆಪ್ಟಿಕ್ ಟ್ಯಾಂಕು 3-5 ವರ್ಷಕ್ಕೊಮ್ಮೆ ಖಾಲಿ ಮಾಡಿಸೋದು, ಬೋರ್‌ವೆಲ್ ನೀರು ವರ್ಷವರ್ಷ ಪರೀಕ್ಷೆ ಮಾಡಿಸೋದು, ರಸ್ತೆಗೆ ಜಲ್ಲಿ ಹಾಕಿಸೋದು ಎಲ್ಲಾ ನಮ್ಮ ತಲೆ ಮೇಲೇ. ಮೊನ್ನೆ ಪಕ್ಕದವನು ಬೇಲಿಗೆ ತಾಗಿಸಿ ಹಂದಿದೊಡ್ಡಿ ಕಟ್ಟಿದ. ನಗರದ ಗಡಿಯಾಚೆ ಇಲ್ಲಿ ಕೌಂಟಿಗಳಿಗೆ ಸಾಮಾನ್ಯವಾಗಿ ಜೋನಿಂಗ್ ಅಧಿಕಾರವೇ ಇಲ್ಲ. ದೂರು ಯಾರಿಗೆ? ಒಂದು ಕಟ್ಟು ಬಸಳೆ ಹಿಡ್ಕೊಂಡು ನಾನೇ ಹೋದೆ. ಸರಿಸ್ತೀನಿ ಅಂದಿದ್ದಾನೆ. ಕಾಯ್ತಿದ್ದೀನಿ.

ಆದರೂ ಆ ನೋಟೀಸಿನ ಲೋಕಕ್ಕೆ ವಾಪಸ್ ಹೋಗಲಾರೆ. ನಿಯಮ ಬೇಡ ಅನ್ನೋರಿಗೆ ನೆರೆಹೊರೆ ಬೇಕೇ ಬೇಕು. ಕೊಳ್ಳೋರು ಮನೆಗಿಂತ ಮೊದಲು ಪಕ್ಕದ ಮನೆ ನೋಡಿ. ನೀವೇನಂತೀರಿ?