ಸಮವಸ್ತ್ರ ಇರಲಿ, ಮಗು ಗೇಟಿನ ಹೊರಗೆ ನಿಲ್ಲದಿರಲಿ!



ಚಂದ್ರಗುತ್ತಿಯ ಹೆಸರು ಕೇಳಿದ್ದೀರಾ? ನಮ್ಮ ಸೊರಬ ತಾಲ್ಲೂಕಿನ ಊರು. ಗುಡ್ಡದ ಮೇಲೆ ರೇಣುಕಾಂಬೆಯ ಗುಡಿ. ಒಂದು ಕಾಲದಲ್ಲಿ ಬಡವರ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳು ವರದಾ ನದಿಯಲ್ಲಿ ಮಿಂದು, ಮೈಮೇಲೆ ನೂಲಿನೆಳೆಯಿಲ್ಲದೆ ಆ ಗುಡಿಗೆ ಓಡಿ ಹರಕೆ ತೀರಿಸುತ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು ಬೆತ್ತಲೆ ಮಾಡಿತು. ನಾಡೇ ತಲೆ ತಗ್ಗಿಸಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಶಾಲೆಯ ಸಮವಸ್ತ್ರಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಇದೆ. ಬಟ್ಟೆಯ ವಿಷಯದಲ್ಲಿ ಕಾನೂನು ಬಾಯಿ ಹಾಕಬಹುದೇ ಎಂದು ಕೇಳುವವರಿಗೆ ಚಂದ್ರಗುತ್ತಿಯೇ ಉತ್ತರ. ಹಾಕಬಹುದು, ಬಡವರ ಮನೆಯ ಮಗುವಿನ ಮಾನ ಕಾಯುವುದಕ್ಕೆ. ಅದೇ ಮಗುವನ್ನು ನಾಲ್ಕು ಜನರೆದುರು ನಿಲ್ಲಿಸಿ ಅವಮಾನ ಮಾಡುವುದಕ್ಕಲ್ಲ.

ಸಮವಸ್ತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಸಾಹುಕಾರನ ಮಗನೂ ಕೂಲಿಯವನ ಮಗನೂ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಬೆಂಚಿನಲ್ಲಿ ಕೂರಲಿ. ಆದರೆ ಆ ಅಂಗಿ ಇಲ್ಲದ ದಿನ ದಂಡ ಯಾರಿಗೆ? ನಮ್ಮ ಪ್ರಶ್ನೆ ಅಷ್ಟೇ.

ನಾನು ಪಿಯುಸಿ ಓದಿದವನು, ಸಣ್ಣದೊಂದು ಪ್ರೆಸ್ಸು ನಡೆಸುವವನು. ಒಮ್ಮೆ ಬೇಸಿಗೆ ರಜೆಯಲ್ಲಿ ಖಾಸಗಿ ಶಾಲೆಯೊಂದರ ಸುತ್ತೋಲೆ ಅಚ್ಚಿಗೆ ಬಂತು. ಹೊಸ ಬಣ್ಣದ ಸಮವಸ್ತ್ರ, ಟೈ, ಬೆಲ್ಟು, ಎರಡು ಬಗೆಯ ಬೂಟು. ಎಲ್ಲವನ್ನೂ ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು. ಇಡೀ ಸುತ್ತೋಲೆ ಇಂಗ್ಲಿಷಿನಲ್ಲಿ! ಅಚ್ಚು ಮಾಡಿದೆ, ಕಾಸು ಎಣಿಸಿಕೊಂಡೆ. ಅದನ್ನು ಕತ್ತರಿಸಿ ಕಟ್ಟು ಕಟ್ಟಿದ ನಮ್ಮ ಬೈಂಡರನ ಮಗಳೂ ಅದೇ ಶಾಲೆಯಲ್ಲಿ ಓದುತ್ತಿದ್ದಳು. ತನ್ನ ಕೈಯಲ್ಲಿದ್ದ ಕಾಗದವನ್ನೇ ಆತ ಓದಲಾರ. ಜೂನಿನಲ್ಲಿ ಹಳೆಯ ಬಣ್ಣದ ಅಂಗಿಯಲ್ಲಿ ಹೋದ ಹುಡುಗಿ ಮಧ್ಯಾಹ್ನದವರೆಗೆ ಗೇಟಿನ ಹೊರಗೆ ನಿಂತಿದ್ದಳು. ಅಪ್ಪ ನನ್ನ ಹತ್ತಿರ ಮುಂಗಡ ಕೇಳಲು ಬಂದಾಗಲೇ ನನಗೆ ವಿಷಯ ತಿಳಿದದ್ದು. ಆ ಸುತ್ತೋಲೆ ಅಚ್ಚು ಮಾಡಿದ ಕೈ ನನ್ನದೇ. ನಾಚಿಕೆಯಾಯಿತು.

ಕಾನೂನು ಏನು ಹೇಳುತ್ತದೆ ಗೊತ್ತೇ? ಕರ್ನಾಟಕ ಶಿಕ್ಷಣ ಕಾಯಿದೆಯಡಿ 1995ರಲ್ಲಿ ಮಾಡಿದ ನಿಯಮಗಳಲ್ಲಿ 11ನೆಯದನ್ನು ಓದಿ. ಶಾಲೆ ತನ್ನ ಸಮವಸ್ತ್ರ ಗೊತ್ತುಮಾಡಬಹುದು. ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ 5 ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಕನಿಷ್ಠ 1 ವರ್ಷ ಮೊದಲೇ ತಂದೆತಾಯಿಗೆ ನೋಟೀಸು ಕೊಡಬೇಕು. ಓದಲು ಬಾರದ ಭಾಷೆಯಲ್ಲಿ ಕೊಟ್ಟರೆ ಅದು ನೋಟೀಸೇ? ಮಗುವಿನ ಕಾಲಿನ ಬೂಟು ನೋಡುವ ಆಡಳಿತ ಮಂಡಳಿ ಈ ನಿಯಮ ನೋಡಿದೆಯೇ?

ಸರ್ಕಾರವೇನು ಕಡಿಮೆಯೇ? ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ, ಬೂಟು, ಕಾಲುಚೀಲ ಕೊಡಿ ಎಂದು 2019ರಲ್ಲಿ ಹೈಕೋರ್ಟು ಹೇಳಬೇಕಾಯಿತು. ಆಮೇಲೂ ಸರಿಯಾಗಿ ಕೊಡದೆ 2023ರಲ್ಲಿ ಸರ್ಕಾರ ಅದೇ ಕೋರ್ಟಿನಲ್ಲಿ ಛೀಮಾರಿ ತಿಂದಿತು. ಇರುವುದೊಂದೇ ಜೊತೆಯಾದರೆ ಮಲೆನಾಡಿನ ಮಳೆಯಲ್ಲಿ ಅದು ಒಣಗುವುದು ಯಾವಾಗ? ಸರ್ಕಾರ ತಡ ಮಾಡಿದರೆ ಅದಕ್ಕೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಉಂಟೇ?

ಇನ್ನು 2022. ಉಡುಪಿಯ ಕಾಲೇಜಿನಲ್ಲಿ ಹತ್ತಿದ ಹಿಜಾಬಿನ ಕಿಡಿ ನಾಡಿಗೆಲ್ಲ ಹಬ್ಬಿತು. ಕೇಸರಿ ಶಾಲು ಎದುರು ನಿಂತಿತು. ಫೆಬ್ರವರಿ 5ರಂದು ಸರ್ಕಾರದ ಆದೇಶ, ಮಾರ್ಚ್ 15ರಂದು ಅದನ್ನು ಎತ್ತಿಹಿಡಿದ ಹೈಕೋರ್ಟು ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ತೀರ್ಪು. ದೊಡ್ಡವರಿಗೇ ಒಮ್ಮತ ಬರಲಿಲ್ಲ. ಅಷ್ಟರಲ್ಲಿ ಪರೀಕ್ಷೆ ತಪ್ಪಿಸಿಕೊಂಡವರು ಯಾರು? ನಮ್ಮ ನಾಡಿನ ಹೆಣ್ಣುಮಕ್ಕಳು. 2025ರ ಏಪ್ರಿಲಿನಲ್ಲಿ ನಮ್ಮ ಶಿವಮೊಗ್ಗದಲ್ಲೇ ಸಿಇಟಿ ಬರೆಯಲು ಬಂದ ಹುಡುಗರಿಗೆ ಜನಿವಾರ ತೆಗೆಯಲು ಹೇಳಿದರು. ಬೀದರಿನಲ್ಲಿ ಒಬ್ಬ ಹುಡುಗ ಜನಿವಾರ ತೆಗೆಯಲೊಪ್ಪದೆ ಗಣಿತದ ಪರೀಕ್ಷೆಯನ್ನೇ ಕಳೆದುಕೊಂಡ. ಅಂದು ನಕ್ಕವರು ಇಂದು ಅತ್ತರು, ಅಂದು ಅತ್ತವರು ಇಂದು ನಕ್ಕರು. ಇದು ಕನ್ನಡಿಗರ ಲಕ್ಷಣವೇ? ಒಂದು ಮಗುವಿಗಾದ ಅನ್ಯಾಯಕ್ಕೆ ಜಾತಿ ನೋಡಿ ಕಣ್ಣೀರು ಹಾಕುವುದೇ?

ನಮ್ಮ ಮಾತು ಇಷ್ಟೇ. ಸಮವಸ್ತ್ರ ಇರಲಿ. ಆದರೆ ಕಟ್ಟುನಿಟ್ಟು ಮೇಲಿನಿಂದ ಶುರುವಾಗಲಿ. ಶಾಲೆ ತೆರೆಯುವ ದಿನವೇ ಸರ್ಕಾರ ಎರಡು ಜೊತೆ ಕೊಡಲಿ. 5 ವರ್ಷದೊಳಗೆ ಬಣ್ಣ ಬದಲಿಸಿದ ಶಾಲೆಗೆ ದಂಡ ಬೀಳಲಿ. ಸುತ್ತೋಲೆ ಕನ್ನಡದಲ್ಲಿ ಬರಲಿ, ಬಟ್ಟೆ ಯಾವ ಅಂಗಡಿಯಲ್ಲಾದರೂ ಸಿಗಲಿ. ಮಗುವಿನ ಉಡುಪಿನಲ್ಲಿ ತಪ್ಪು ಕಂಡರೆ ಅಪ್ಪ ಅಮ್ಮನನ್ನು ಕರೆಸಿ ಮಾತಾಡಿ. ಪಾಠ ತಪ್ಪಿಸಬೇಡಿ, ಪರೀಕ್ಷೆ ತಪ್ಪಿಸಬೇಡಿ.

ಗೆಳೆಯರೇ, ಈ ಜೂನಿನಲ್ಲಿ ನಿಮ್ಮ ಬಡಾವಣೆಯ ಶಾಲೆಯ ಮುಂದೆ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ಗೇಟಿನ ಹೊರಗೆ ಮಗುವೊಂದು ನಿಂತಿದ್ದರೆ ಅದರ ಜಾತಿ ಕೇಳಬೇಡಿ, ಮತ ಕೇಳಬೇಡಿ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಮುಖ್ಯೋಪಾಧ್ಯಾಯರ ಮೇಜಿನ ಮುಂದೆ 11ನೇ ನಿಯಮ ಇಡಿ. ಅದರ ಪ್ರತಿ ಬೇಕಿದ್ದರೆ ನಮ್ಮ ಪ್ರೆಸ್ಸಿಗೆ ಬನ್ನಿ. ಕನ್ನಡದಲ್ಲಿ ಅಚ್ಚು ಹಾಕಿ ಕೊಡುತ್ತೇನೆ. ಇದಕ್ಕೆ ಕಾಸು ಬೇಡ.