'ಸ್ವಂತದ್ದಲ್ಲ' ಎಂಬ ಷರಾ: ಅಭಿಮಾನಿ ಬರಹ, ರೇಖಾಚಿತ್ರ ಮತ್ತು ಶೈಲಿಯ ಪ್ರಶ್ನೆ

ಕೆಲವು ವರ್ಷಗಳ ಹಿಂದೆ, ಸಂಶೋಧನೆಯ ಜೊತೆಜೊತೆಗೆ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಿದ್ದಾಗ, ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಸೃಜನಶೀಲ ಬರವಣಿಗೆಯ ಅಸೈನ್‌ಮೆಂಟಾಗಿ ಒಂದು ನೋಟ್‌ಬುಕ್ಕನ್ನು ತಂದುಕೊಟ್ಟಳು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ನಾಯಿಗುತ್ತಿಯ ನಾಯಿ ಹುಲಿಯ, ಕೊನೆಯಲ್ಲಿ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವುದು ಓದುಗರೆಲ್ಲರಿಗೂ ನೆನಪಿರುವ ಸಂಗತಿ. ಈಕೆಯ ಕಥೆ ಅಲ್ಲಿಂದ ಮುಂದಕ್ಕೆ ಆರಂಭವಾಗುತ್ತಿತ್ತು. ಹುಲಿಯ ಸಾಯುವುದಿಲ್ಲ, ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಳೆ ಬಯಲಿಗೆ ಇಳಿದ ಮೇಲೆ, ಹರಿಹರದ ಆಚೆಗಿನ ಒಂದು ಹಳ್ಳಿಯ ದಡಕ್ಕೆ ಅದು ಬಂದು ಬೀಳುತ್ತದೆ. ಆ ಹಳ್ಳಿ ವಿದ್ಯಾರ್ಥಿನಿಯ ಸ್ವಂತ ಊರು. ಪುಟದ ಅಂಚುಗಳಲ್ಲಿ ಆಕೆಯೇ ಬರೆದ ಪೆನ್ನಿನ ಚಿತ್ರಗಳಿದ್ದವು.

ನಾನು ಕೆಂಪು ಶಾಯಿಯಲ್ಲಿ 'ಸ್ವಂತದ್ದಲ್ಲ' ಎಂದು ಷರಾ ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ವಿಭಾಗದ ಹಿರಿಯರೊಬ್ಬರು ಅದನ್ನೂ ಹೆಚ್ಚೆಂದರು. ಮುಂದಿನ ಸೆಮಿಸ್ಟರಿನಲ್ಲಿ 'ಗದಾಯುದ್ಧ'ದ ಪಾಠ ಮುಗಿದ ದಿನ ಆಕೆ ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಹಂಗಾದ್ರೆ ರನ್ನ ಬರೆದಿದ್ದು ಸ್ವಂತದ್ದಾ?"

ಈ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಉತ್ತರವಾಗಿರಲಿಲ್ಲ. ರನ್ನನ ಕಾವ್ಯದ ವಸ್ತು ಪಂಪನ 'ವಿಕ್ರಮಾರ್ಜುನ ವಿಜಯ'ದ ಹದಿಮೂರನೆಯ ಆಶ್ವಾಸದಿಂದ ಬಂದದ್ದೆಂಬುದನ್ನೂ, ಪಂಪನ ಮಾತುಗಳೇ ಅಲ್ಲಲ್ಲಿ ಅವನಲ್ಲಿ ಮರುದನಿಗೊಡುತ್ತವೆಂಬುದನ್ನೂ ನಾವು ಪ್ರತಿವರ್ಷ ಹೇಳಿಕೊಡುತ್ತೇವೆ. ಹೇಳಿಕೊಟ್ಟು, ಅದನ್ನು 'ಪ್ರಭಾವ' ಎಂದು ಕರೆಯುತ್ತೇವೆ. ಇಪ್ಪತ್ತು ವರ್ಷದ ಹುಡುಗಿ ಮಾಡಿದರೆ ಅದೇ ಕೆಲಸಕ್ಕೆ 'ಅನುಕರಣೆ' ಎಂಬ ಹೆಸರು. ಈ ಎರಡು ಅಳತೆಗೋಲುಗಳ ನಡುವಿನ ಅಂತರವನ್ನು ಕುರಿತು, ಮತ್ತು ಇಂತಹ ಬರಹಗಾರರಿಗೆ ಸ್ವಂತ ಶೈಲಿಯನ್ನು ರೂಢಿಸಿಕೊಳ್ಳುವ ವಿಷಯದಲ್ಲಿ ನಾವು ಏನನ್ನಾದರೂ ಹೇಳಬಲ್ಲೆವೇ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಮುಂದಿಡಲಾಗಿದೆ.

ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎಂದು ಕರೆಯಲಾಗುವ ಈ ಬಗೆಯನ್ನು ಸದ್ಯಕ್ಕೆ 'ಅಭಿಮಾನಿ ಬರಹ' ಎನ್ನೋಣ. ಓದುಗನು ತಾನು ಮೆಚ್ಚಿದ ಕೃತಿಯ ಪಾತ್ರ, ಪರಿಸರಗಳನ್ನು ತೆಗೆದುಕೊಂಡು ಹೊಸ ಕಥೆ ಕಟ್ಟುವುದು ಇದರ ಲಕ್ಷಣ. ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆಯನ್ನು ತಾವೇ ಹೊರಡಿಸಿದ್ದು 1967ರಲ್ಲಿ. 'ಮದುಮಗಳು' ಬಂದದ್ದೂ ಅದೇ ವರ್ಷವೆಂಬುದು ಕೇವಲ ಕಾಕತಾಳೀಯ. ಆದರೂ ಬರೆಯದಿರಲು ಮನಸ್ಸಾಗಲಿಲ್ಲ. ಜಪಾನಿನಲ್ಲಿ 'ದೋಜಿನ್ಶಿ' ಎಂಬ ಹೆಸರಿನಲ್ಲಿ ಹವ್ಯಾಸಿಗಳ ಚಿತ್ರಕಥೆಗಳು ಅಚ್ಚಾಗುತ್ತವೆ. ಟೋಕಿಯೋದಲ್ಲಿ ಅವುಗಳ ಸಂತೆ 1975ರಿಂದ ನಡೆದುಬಂದಿದೆ. ಇಂತಹ ಬರಹಗಳ ಬಹುದೊಡ್ಡ ಸಂಗ್ರಹವೊಂದಕ್ಕೆ 2019ರಲ್ಲಿ ಹ್ಯೂಗೊ ಪ್ರಶಸ್ತಿ ಸಂದಿತು. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ್ದು ತಾಳಮದ್ದಳೆ. ಪ್ರಸಂಗದ ಪದ್ಯಗಳು ಸ್ಥಿರ. ಅರ್ಥ ಮಾತ್ರ ಅರ್ಥಧಾರಿಯದು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನು ಕೇಳಲು ರಾತ್ರಿಯಿಡೀ ಕುಳಿತವರು ರಾವಣನ ಕಥೆ ತಿಳಿಯದೆ ಕುಳಿತವರಲ್ಲ. ಬೇರೆ ಬೇರೆ ಜಗತ್ತುಗಳನ್ನು ಬೆಸೆಯುವ ಸಾಹಸವೂ ನಮಗೆ ಹೊಸದಲ್ಲ: ಸೊಫೋಕ್ಲಿಸನ 'ಅಯಾಸ್' ನಾಟಕದ ಒಡಲಿಗೆ ಮಹಾಭಾರತದ ವೀರನನ್ನು ತಂದು ಬಿ.ಎಂ.ಶ್ರೀಯವರು 'ಅಶ್ವತ್ಥಾಮನ್' ಬರೆದರು. ಚಿರಂಜೀವಿಯೆಂದು ಹೆಸರಾದವನನ್ನು ಸಾವಿಗೆ ಒಪ್ಪಿಸಿದರು.

ಇಲ್ಲಿ ಒಂದು ಆಕ್ಷೇಪ ಸಹಜ. ವ್ಯಾಸಭಾರತ ಎಲ್ಲರ ಸೊತ್ತು, 'ಮದುಮಗಳು' ಒಬ್ಬ ಲೇಖಕನ ಸೃಷ್ಟಿ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಕಾನೂನಿನ ಮಟ್ಟಿಗೆ ತೂಗಲಾಗದು. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಲೇಖಕನ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಚ್ಚು ಹಾಕಿ ಮಾರುವ ಉದ್ದೇಶವಿದ್ದರೆ ಹಕ್ಕುದಾರರ ಒಪ್ಪಿಗೆ ಪಡೆಯುವುದೇ ಸರಿ. ಆದರೆ ಕಾವ್ಯದ ಮಟ್ಟಿಗೆ ನೋಡಿದರೆ, ರನ್ನನ ಎದುರಿಗಿದ್ದದ್ದು ವ್ಯಾಸಭಾರತವಷ್ಟೇ ಅಲ್ಲ, ಪಂಪನೆಂಬ ಒಬ್ಬ ವ್ಯಕ್ತಿಯ, ತನಗಿಂತ ಕೆಲವೇ ದಶಕಗಳ ಹಿಂದಿನ ಕೃತಿ.

ಆನಂದವರ್ಧನನು 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಕವಿಗಳ ನಡುವಿನ ಹೋಲಿಕೆಯನ್ನು 'ಸಂವಾದ'ವೆಂದು ಕರೆದು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯ ಪ್ರತಿಬಿಂಬದಂತಹುದು, ಚಿತ್ರದಂತಹುದು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಹುದು. ಮೊದಲನೆಯದಕ್ಕೆ ಬೇರೆ ಆತ್ಮವೇ ಇಲ್ಲ. ಎರಡನೆಯದಕ್ಕೆ ಇದ್ದರೂ ತುಚ್ಛವಾದುದು. ಮೂರನೆಯದನ್ನು ಕವಿ ಬಿಡಬೇಕಾಗಿಲ್ಲ ಎಂಬುದು ಅವನ ನಿಲುವು. ಈ ವಿಂಗಡಣೆಯಲ್ಲಿ ಗಮನಾರ್ಹವಾದುದೆಂದರೆ, ಹೋಲಿಕೆಯೇ ದೋಷವೆಂದು ಅವನು ಹೇಳದಿರುವುದು. ನನ್ನ ಷರಾ ಎಡವಿದ್ದು ಇಲ್ಲಿಯೇ. ಹೋಲಿಕೆ ಇದೆಯೇ ಎಂದಷ್ಟೇ ನೋಡಿದೆ. ಯಾವ ಬಗೆಯ ಹೋಲಿಕೆ ಎಂದು ನೋಡಲಿಲ್ಲ. (2025ರಲ್ಲಿ ಜಪಾನಿನ ಜಿಬ್ಲಿ ಸ್ಟುಡಿಯೋದ ಧಾಟಿಯಲ್ಲಿ ಯಂತ್ರವೇ ಎಲ್ಲರ ಭಾವಚಿತ್ರಗಳನ್ನು ಬರೆದುಕೊಟ್ಟಾಗ, ಈ ಎರಡನೆಯ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದೆನಿಸಿತು.)

ಹಾಗಾದರೆ ಮೂರನೆಯ ಬಗೆಗೆ ತಲುಪುವುದು ಹೇಗೆ? ಆ ನೋಟ್‌ಬುಕ್ಕನ್ನು ಮತ್ತೆ ಕೇಳಿ ಪಡೆದು ಓದಿದಾಗ ನನಗೆ ಕಂಡದ್ದನ್ನೇ ಹೇಳುತ್ತೇನೆ. ಮೊದಲ ಹತ್ತು ಹನ್ನೆರಡು ಪುಟಗಳಲ್ಲಿ ಆಕೆ ಕುವೆಂಪು ಗದ್ಯದ ನೆರಳಿನಲ್ಲಿದ್ದಾಳೆ: ಉದ್ದನೆಯ ವಾಕ್ಯಗಳು, ಒಂದರ ಮೇಲೊಂದು ವಿಶೇಷಣಗಳು, ತಾನು ಕೇಳಿಯೇ ಇರದ ಮಲೆನಾಡಿನ ಮಾತುಕತೆ. ನಾಯಿ ತನ್ನ ಊರಿನ ದಡಕ್ಕೆ ಬಿದ್ದ ಮರುಪುಟದಿಂದ ಬರವಣಿಗೆ ಬದಲಾಗುತ್ತದೆ. ವಾಕ್ಯಗಳು ಮೊಟಕಾಗುತ್ತವೆ. ಹೊಳೆದಂಡೆಯ ಹೆಂಗಸರ ಮಾತು ಬರುತ್ತದೆ. ಬಿಸಿಲಿನಲ್ಲಿ ಬಿರುಕುಬಿಟ್ಟ ಎರೆಹೊಲವನ್ನು, ಹಸಿರನ್ನಷ್ಟೇ ಕಂಡ ಒಂದು ನಾಯಿ ಮೂಸಿ ನೋಡುವ ಭಾಗವಂತೂ ಕುವೆಂಪು ಬರೆಯಬಹುದಾಗಿದ್ದದ್ದಲ್ಲ. ಬರೆಯಲು ಅವರಿಗೆ ಕಾರಣವೂ ಇರಲಿಲ್ಲ. ಚಿತ್ರಗಳೂ ಹೀಗೆಯೇ. ಹುಲಿಯನನ್ನು ಆಕೆ ಜಪಾನಿ ಮಂಗಾ ಪುಸ್ತಕಗಳ ದೊಡ್ಡ ಕಣ್ಣಿನ ಮಾದರಿಯಲ್ಲಿ ಬರೆದಿದ್ದಳು. ಆದರೆ ಅಂಚಿನಲ್ಲಿ ನಿಂತಿದ್ದ ಕುರಿಹಿಂಡಿಗೆ ಅವಳ ಬಳಿ ಮಾದರಿ ಇರಲಿಲ್ಲ. ಐದಾರು ಗೆರೆಗಳಲ್ಲಿ, ಕಂಡಂತೆ ಬರೆದಿದ್ದಳು. ಇಡೀ ಪುಸ್ತಕದ ಅತ್ಯುತ್ತಮ ಚಿತ್ರವದು.

ನನ್ನ ವಾದವಿಷ್ಟೆ: ಮಾದರಿಯು ಕೈಕೊಡುವ ಜಾಗದಲ್ಲಿ ಶೈಲಿ ಹುಟ್ಟುತ್ತದೆ. ಹೀಗಾಗಿ ಅಭಿಮಾನಿ ಬರಹಗಾರರಿಗೆ 'ಅನುಕರಿಸಬೇಡಿ' ಎನ್ನುವುದರಿಂದ ಪ್ರಯೋಜನವಿಲ್ಲ. ಮಾದರಿ ತಲುಪಲಾರದ ಕಡೆಗೆ ಕಥೆಯನ್ನು ಕರೆದೊಯ್ಯಿರಿ ಎನ್ನಬೇಕು. ಮೂಲಕೃತಿಯಲ್ಲಿ ನಿಮ್ಮನ್ನು ಮೆಚ್ಚಿಸಿದ್ದನ್ನಲ್ಲ, ಕಾಡಿದ್ದನ್ನು, ಒಪ್ಪಲಾಗದ್ದನ್ನು ಆರಿಸಿಕೊಳ್ಳಿ. ರನ್ನನು ಪಂಪನ ಒಂದು ಆಶ್ವಾಸದ ಮುಂದೆ ನಿಂತುಬಿಟ್ಟದ್ದು ಹೀಗೆ. ಪಂಪನು ಅರ್ಜುನನಿಗೆ ಕೊಟ್ಟ ಜಾಗಕ್ಕೆ ಅವನು ಭೀಮನನ್ನು ತಂದ, ಆದರೆ ನಮ್ಮ ನೆನಪಿನಲ್ಲಿ ಉಳಿದದ್ದು ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ದುರ್ಯೋಧನ. ಅಡಿಗರ ನಂತರ ನವ್ಯದ ಧಾಟಿಯಲ್ಲಿ ಬರೆದ ಹಲವರು ಈಗ ಓದಿಗೆ ಸಿಗದಿರಲು ಇದೂ ಒಂದು ಕಾರಣವೆಂದು ತೋರುತ್ತದೆ. ಅವರು ಅಡಿಗರ ದನಿಯನ್ನು ಎತ್ತಿಕೊಂಡರು, ಅಡಿಗರ ಸಮಸ್ಯೆಯೊಂದಿಗೆ ಜಗಳವಾಡಲಿಲ್ಲ.

ಎರಡನೆಯದು, ನಕಲು ಮಾಡುವುದಾದರೆ ಪೂರ್ತಿಯಾಗಿ, ಕೈಯಾರೆ ಮಾಡುವುದು. ಮೆಚ್ಚಿದ ಒಂದು ಪುಟವನ್ನು ಅಕ್ಷರಶಃ ಪ್ರತಿ ಮಾಡಿ, ಕ್ರಿಯಾಪದ ಎಲ್ಲಿ ಬೀಳುತ್ತದೆ, ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ನೋಡಿ, ನಂತರ ಅದೇ ಸಂಗತಿಯನ್ನು ಮನೆಯ ಮಾತಿನಲ್ಲಿ ಬರೆಯುವುದು. ಅರೆಮನಸ್ಸಿನ ಅನುಕರಣೆಯಲ್ಲಿ ಚಟಗಳು ಮಾತ್ರ ಅಂಟಿಕೊಳ್ಳುತ್ತವೆ. ಚಿತ್ರಕಾರರಿಗೆ ಇದು ಹೊಸ ಮಾತಲ್ಲ. ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಗುರುವಿನ ಪದ್ಧತಿಯನ್ನು ಎಷ್ಟು ಕರಗತ ಮಾಡಿಕೊಂಡರೆಂದರೆ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥಕ್ಕೆ (1913) ಅವರ ರಾಮಾಯಣ ಚಿತ್ರಗಳು ಆಯ್ಕೆಯಾದವು. ಆದರೆ ಇಂದು ವೆಂಕಟಪ್ಪನವರೆಂದರೆ ನೆನಪಾಗುವುದು ಊಟಿಯ ನಿಸರ್ಗಚಿತ್ರಗಳು. ಮಂಜಿಗೂ ಇಳಿಜಾರಿಗೂ ಪುರಾಣದ ಮಾದರಿ ಒದಗಲಿಲ್ಲ, ಕಣ್ಣೇ ದುಡಿಯಬೇಕಾಯಿತು. ಕಲ್ಕತ್ತೆಯಲ್ಲಿ ಕಲಿತ ಜಲವರ್ಣದ ಹಿಡಿತವಿಲ್ಲದೆ ಅದೂ ಸಾಧ್ಯವಾಗುತ್ತಿರಲಿಲ್ಲ. ಆರ್.ಕೆ. ಲಕ್ಷ್ಮಣ್ ಕೂಡ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು ನೋಡಿಯೇ ಬೆಳೆದವರು.

ಶೈಲಿಯನ್ನು ಹುಡುಕಿಕೊಂಡು ಹೋಗಬೇಡಿ ಎಂಬ ಮಾತನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕೆನಿಸುತ್ತದೆ. ಕುಂತಕನು ಮಾರ್ಗಭೇದಕ್ಕೆ ದೇಶಭೇದ ಕಾರಣವಲ್ಲ, ಕವಿಸ್ವಭಾವವೇ ಕಾರಣ ಎಂದದ್ದು ಇಲ್ಲಿ ಒಪ್ಪುತ್ತದೆ. ಆದರೆ ಸ್ವಭಾವವೆಂಬುದು ಮೊದಲೇ ಸಿದ್ಧವಾಗಿ ಒಳಗೆ ಕುಳಿತಿರುವುದಿಲ್ಲ. ಹತ್ತು ಕಥೆ ಬರೆದ ಮೇಲೆ, ನೂರು ಚಿತ್ರ ಗೀಚಿದ ಮೇಲೆ, ತಾನು ಪದೇಪದೇ ಮಾಡುವ ಯಾವುದೋ ಒಂದು ಕೆಲಸವಾಗಿ ಅದು ಕಣ್ಣಿಗೆ ಬೀಳುತ್ತದೆ. ಹಲವು ಸಲ ಬೇರೆಯವರ ಕಣ್ಣಿಗೆ ಮೊದಲು. ಅಧ್ಯಾಪಕನ ಪಾತ್ರ ಇಲ್ಲಿಯೇ ಇರುವುದು. ಪುಟದ ಅಂಚಿನ ಕುರಿಹಿಂಡನ್ನು ತೋರಿಸಿ, 'ಇದು ನಿನ್ನದು' ಎನ್ನಬೇಕಾದವನು ನಾನಾಗಿದ್ದೆ.

ನಮ್ಮ ಸೃಜನಶೀಲ ಬರವಣಿಗೆಯ ಪತ್ರಿಕೆಗಳಲ್ಲಿ 'ಸ್ವತಂತ್ರ ರಚನೆ' ಎಂಬ ಷರತ್ತು ಇರುತ್ತದೆ. ಫಲಿತಾಂಶವೆಂದರೆ ಮಳೆ, ಅಮ್ಮ, ಹಳ್ಳಿಯ ಬಾಲ್ಯ ಕುರಿತ ಒಂದೇ ಅಚ್ಚಿನ ಕವಿತೆಗಳು. ಯಾರನ್ನೂ ಅನುಕರಿಸಿಲ್ಲವೆಂದು ನಂಬಿ ಎಲ್ಲರನ್ನೂ ಅನುಕರಿಸಿದವು. ಇದರ ಬದಲು ಪಠ್ಯದಲ್ಲಿರುವ ಯಾವುದಾದರೂ ಕೃತಿಯ ಒಂದು ಪಾತ್ರವನ್ನು ತೆಗೆದುಕೊಂಡು, ಮೂಲಲೇಖಕ ಹೋಗದ ಊರಿಗೆ ಅದನ್ನು ಕರೆದೊಯ್ಯುವ ಐದು ಪುಟದ ಬರಹವನ್ನು ಒಂದು ಆಯ್ಕೆಯಾಗಿಯಾದರೂ ಇಡಬಹುದು. ಬರಹದ ಜೊತೆಗೆ, ಯಾವುದು ಮೂಲದಿಂದ ಬಂದದ್ದು, ಯಾವುದು ತನ್ನದು ಎಂದು ವಿದ್ಯಾರ್ಥಿಯೇ ಗುರುತಿಸಿದ ಒಂದು ಪುಟದ ಟಿಪ್ಪಣಿ ಇರಲಿ. ಕೃತಿಚೌರ್ಯದ ಪ್ರಶ್ನೆ ಅಲ್ಲಿಗೆ ತೀರುತ್ತದೆ. ಮೌಲ್ಯಮಾಪಕರಿಗೂ ಆಧಾರವೊಂದು ದೊರೆಯುತ್ತದೆ. ಇದಕ್ಕೆ ಅಂಕ ಹಂಚುವ ಕ್ರಮ ಹೇಗಿರಬೇಕೆಂಬುದನ್ನು ಅಧ್ಯಯನ ಮಂಡಳಿಗಳಲ್ಲಿ ಇರುವ ಹಿರಿಯರು ಚರ್ಚಿಸಬೇಕೆಂದು ಕೋರುತ್ತೇನೆ.

ಆ ವಿದ್ಯಾರ್ಥಿನಿಯ ನಾಲ್ಕು ಅಂಕವನ್ನು ತಿದ್ದಲು ಸಾಧ್ಯವಾಗಲಿಲ್ಲ. ಪಟ್ಟಿ ಆಗಲೇ ವಿಶ್ವವಿದ್ಯಾಲಯಕ್ಕೆ ಹೋಗಿತ್ತು. ನೋಟ್‌ಬುಕ್ಕನ್ನು ಹಿಂದಿರುಗಿಸುವಾಗ ಷರಾದ ಕೆಳಗೆ ಕುರಿಹಿಂಡಿನ ಪುಟದ ಸಂಖ್ಯೆಯನ್ನು ಬರೆದುಕೊಟ್ಟೆ. ಹುಲಿಯ ಕೊನೆಗೆ ತೀರ್ಥಹಳ್ಳಿಗೆ ಹಿಂದಿರುಗುತ್ತದೆಯೇ ಎಂದು ಕೇಳಿದ್ದಕ್ಕೆ, "ಇನ್ನೂ ಗೊತ್ತಿಲ್ಲ ಸರ್, ಹಿಂಡಿನ ಜೊತೆ ಹೊಂಟೈತಿ" ಎಂದಳು.