ಕಾವಲಿನ ಚಿತ್ರ ಕಾವಲಿಗೇ ಬರಲಿ

ಸಾಕ್ಷ್ಯಚಿತ್ರವೆಂಬ ಪದದಲ್ಲಿಯೇ ಸಾಕ್ಷಿಯಿದೆ. ಆದರೆ ಆ ಸಾಕ್ಷಿ ನುಡಿಯಬೇಕಾದದ್ದು ಯಾರ ಮುಂದೆ? ನಮ್ಮ ಚಿತ್ರೋತ್ಸವಗಳು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಂತೆ ಕಾಣುವುದಿಲ್ಲ. ನಗರದ ತಂಪು ಸಭಾಂಗಣ, ಇಂಗ್ಲಿಷ್ ಅಡಿಬರಹ, ಪ್ರದರ್ಶನದ ಬಳಿಕ ನಿರ್ದೇಶಕರೊಡನೆ ಅರ್ಧ ಗಂಟೆಯ ಸಂವಾದ, ಕೊನೆಗೆ ಚಪ್ಪಾಳೆ. ಅಲ್ಲಿಗೆ ಒಂದು ಕಾಡಿನ, ಒಂದು ಹುಲ್ಲುಗಾವಲಿನ ಕಥೆ ಮುಗಿಯುತ್ತದೆ. ಪರದೆಯ ಮೇಲೆ ಕಂಡ ಕುರಿಗಾಹಿಗೆ ಆ ಸಭೆಯಲ್ಲಿ ಸ್ಥಳವಿರುವುದಿಲ್ಲ. ಪ್ರಾದೇಶಿಕವೆಂದು ಹೆಸರಿಟ್ಟುಕೊಂಡ ಉತ್ಸವವು ಪ್ರದೇಶದ ಜನರನ್ನೇ ಹೊರಗಿಟ್ಟರೆ ಅದು ಯಾರ ಉತ್ಸವ?

ಈ ಪ್ರಶ್ನೆಯ ತೀವ್ರತೆ ಅರಿವಾಗಬೇಕಾದರೆ ಚಿತ್ರದುರ್ಗ ಜಿಲ್ಲೆಯ ವರವು ಕಾವಲನ್ನು ನೋಡಬೇಕು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಈ ಹುಲ್ಲುಗಾವಲು ಮೈಸೂರು ಅರಸರು ಅಮೃತಮಹಲ್ ದನಗಳಿಗಾಗಿ ಕಾಯ್ದಿರಿಸಿದ ಕಾವಲುಗಳಲ್ಲಿ ಒಂದು. ಮಲೆನಾಡಿನವರಾದ ನಮಗೆ ಬ್ಯಾಣ, ಗೋಮಾಳ, ಸೊಪ್ಪಿನಬೆಟ್ಟಗಳು ಹೇಗೋ ಆ ಬಯಲುಸೀಮೆಯವರಿಗೆ ಕಾವಲು ಹಾಗೆ. ಅಲ್ಲಿ ಮೇದ ಕುರಿಯ ಉಣ್ಣೆ ಕಂಬಳಿಯಾಗುತ್ತದೆ; ಕುರಿಮಂದೆಯ ಗೊಬ್ಬರ ಶೇಂಗಾ ಬೆಳೆಯುವ ಹೊಲಕ್ಕೆ ಸಾರವಾಗುತ್ತದೆ.

ಚಳ್ಳಕೆರೆ ಸೀಮೆಯ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ, ಜೊತೆಗೆ ಖಾಸಗಿ ಸೌರ ಉದ್ದಿಮೆಗೆ ಹಂಚಲಾಯಿತು. ವರವು ಕಾವಲಿನ ಬಹುಭಾಗ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸಂದಿತು. ಗೋಡೆಗಳು ಏಳತೊಡಗಿದಾಗಲೇ ಎಷ್ಟೋ ಹಳ್ಳಿಗರಿಗೆ ವಿಷಯ ತಿಳಿದದ್ದು. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿ 2014ರಲ್ಲಿ ತೀರ್ಪು ಬಂದಿತು. 2017ರ ಮೇ ತಿಂಗಳಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ವಿಜ್ಞಾನ ಬೇಡವೆಂಬುದು ನನ್ನ ವಾದವಲ್ಲ. ನಾನೂ ವಿಜ್ಞಾನದ ಅನ್ನವನ್ನೇ ಉಣ್ಣುವವನು. ಆದರೆ ಶತಮಾನಗಳಿಂದ ಜನ ಬಳಸಿ ಬಾಳಿದ ನೆಲವನ್ನು ಅವರನ್ನು ಕೇಳದೆಯೇ ಖಾಲಿ ಎಂದೆಣಿಸುವುದು ಯಾವ ವಿಜ್ಞಾನ?

ಈ 'ಖಾಲಿ' ಎಂಬ ನೋಟದಲ್ಲಿ ಕ್ಯಾಮೆರಾಕ್ಕೂ ಪಾಲಿದೆ. ನಮ್ಮ ವನ್ಯಜೀವಿ ಚಿತ್ರಗಳಿಗೆ ದಟ್ಟ ಕಾಡು, ಹುಲಿ, ಜಲಪಾತಗಳೇ ಅಚ್ಚುಮೆಚ್ಚು. ಬೇಸಿಗೆಯಲ್ಲಿ ಎರಡು ದಿನ ಬಂದುಹೋಗುವ ಚಿತ್ರತಂಡಕ್ಕೆ ಕಾವಲಿನಲ್ಲಿ ಕಾಣುವುದು ಒಣ ನೆಲ ಮಾತ್ರ. ಮುಂಗಾರು ಬಿದ್ದ ಕೆಲವೇ ವಾರಗಳಲ್ಲಿ ಅದೇ ನೆಲ ಹಸಿರಾಗುತ್ತದೆ. ಹುಲ್ಲುಗಾವಲಿನ ಸಂಪತ್ತು ಬಹುಪಾಲು ನೆಲದೊಳಗಿದೆ; ಇಂಗಾಲ ಅಲ್ಲಿ ಬೇರಿನಲ್ಲಿ, ಮಣ್ಣಿನಲ್ಲಿ ಶೇಖರವಾಗುತ್ತದೆ. ಆದ್ದರಿಂದಲೇ ಮೇಲಿನ ಹುಲ್ಲು ಒಣಗಿದರೂ ಸುಟ್ಟರೂ ಆ ಸಂಗ್ರಹ ಬೇಗ ನಾಶವಾಗುವುದಿಲ್ಲ. ಕೃಷ್ಣಮೃಗ, ತೋಳಗಳಿಗೆ ಬೇಕಾದದ್ದು ಈ ಬಯಲೇ ಹೊರತು ನೆಡುತೋಪಲ್ಲ. ಇದನ್ನು ತೋರಿಸದ ಚಿತ್ರವು, ಎಷ್ಟೇ ಸುಂದರವಾಗಿರಲಿ, ಹುಲ್ಲುಗಾವಲನ್ನು ಬಂಜರೆಂದು ಬರೆಯುವ ಲೇಖನಿಗೆ ಮಸಿ ಒದಗಿಸುತ್ತದೆ.

ಚಿತ್ರದಿಂದ ಏನಾದೀತು ಎನ್ನುವವರಿಗೆ ನಮ್ಮ ಕುದುರೆಮುಖವೇ ಉತ್ತರ. ಅಲ್ಲಿನ ಗಣಿಗಾರಿಕೆಯ ವಿರುದ್ಧ ಹೋರಾಟ ನಡೆದಿದ್ದಾಗಲೇ, 2001ರಲ್ಲಿ, ಶೇಖರ್ ದತ್ತಾತ್ರಿಯವರು ಆ ದುರಂತವನ್ನು ಕುರಿತು ಕಿರುಚಿತ್ರ ತಯಾರಿಸಿದರು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಚಿತ್ರವೊಂದರಿಂದಲೇ ಇದೆಲ್ಲ ಆಯಿತೆನ್ನಲಾಗದು. ಜನರ ಹೋರಾಟವೂ ಕಾನೂನಿನ ಸಮರವೂ ಅದರ ಹಿಂದಿದ್ದವು. ಆದರೆ ಚಿತ್ರವು ಸಕಾಲದಲ್ಲಿ ಹುಟ್ಟಿ ಹೋರಾಟದ ಕೈಗೆ ಸಿಕ್ಕಿತು. ಗೋಡೆ ಎದ್ದ ಮೇಲೆ ಬಂದು ಗೋಡೆಯ ನೆರಳನ್ನು ಸೆರೆಹಿಡಿಯುವುದು ಶೋಕಗೀತೆಯಾದೀತು, ಸಾಕ್ಷಿಯಾಗಲಾರದು.

ಹಳ್ಳಿಗರಿಗೆ ಇಂಥ ಚಿತ್ರಗಳು ಅರ್ಥವಾಗವು ಎಂಬ ವಾದವೊಂದಿದೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1973ರಲ್ಲಿಯೇ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಊರವರಿಗೆ ತೋರಿಸಿ ಚರ್ಚಿಸಿದ ಕೆ.ವಿ. ಸುಬ್ಬಣ್ಣನವರು ಈ ವಾದವನ್ನು ಎಂದೋ ಸುಳ್ಳಾಗಿಸಿದ್ದಾರೆ. ಪರದೇಶದ ಕಥೆ ಅರ್ಥವಾಗುವ ಜನರಿಗೆ ತಮ್ಮದೇ ಕಾವಲಿನ ಕಥೆ ಅರ್ಥವಾಗದೇ?

ಸೆನ್ಸಾರ್ ಷರತ್ತಿನ ವಿರುದ್ಧ ಒಗ್ಗೂಡಿದ ಸಾಕ್ಷ್ಯಚಿತ್ರ ನಿರ್ದೇಶಕರು 2004ರಲ್ಲಿ ಮುಂಬೈಯಲ್ಲಿ 'ವಿಕಲ್ಪ' ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು. ತೋರಿಸುವ ಹಕ್ಕಿಗಾಗಿ ಅಷ್ಟು ಧೈರ್ಯದಿಂದ ನಿಂತ ಬಳಗ, ನೋಡುವ ಹಕ್ಕು ಚಿತ್ರಿತರಾದವರಿಗೂ ಇದೆಯೆಂಬುದನ್ನು ಒಪ್ಪಲೇಬೇಕು.

ಆದ್ದರಿಂದ ಉತ್ಸವದ ಸಂಘಟಕರ ಮುಂದೆ ನಮ್ಮ ಬೇಡಿಕೆಗಳು ಸ್ಪಷ್ಟ. ಯಾವ ಊರನ್ನು ಚಿತ್ರೀಕರಿಸಿದಿರೋ ಮೊದಲ ಪ್ರದರ್ಶನ ಆ ಊರಿನಲ್ಲಿ, ಕನ್ನಡದಲ್ಲಿ ನಡೆಯಲಿ. ಅದಕ್ಕೆ ಬೇಕಾದದ್ದು ಒಂದು ಪ್ರೊಜೆಕ್ಟರ್, ಒಂದು ಬಿಳಿಯ ಪಂಚೆ, ಶಾಲೆಯ ಗೋಡೆ. ನಿರ್ದೇಶಕರ ಭಾಷಣಕ್ಕಿಂತ ಮೊದಲು ಕುರಿಗಾಹಿಗಳು, ಕಂಬಳಿ ನೇಯುವವರು ಮಾತಾಡಲಿ, ತಪ್ಪಿದ್ದರೆ ತಪ್ಪೆನ್ನಲಿ. ಚಿತ್ರದ ಪ್ರತಿಯೊಂದು ಊರಿನ ಶಾಲೆಯಲ್ಲಿ, ಪಂಚಾಯಿತಿಯಲ್ಲಿ ಉಳಿಯಲಿ. ನಾಳೆ ಕಚೇರಿಯ ಮುಂದೆ ಇದು ಖಾಲಿ ನೆಲವಲ್ಲವೆಂದು ಹೇಳಬೇಕಾಗಿ ಬಂದಾಗ ಅದೂ ಒಂದು ದಾಖಲೆಯಾದೀತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕೈಯಲ್ಲಿಯೇ ಇಂದು ಕ್ಯಾಮೆರಾ ಇದೆ. ಉತ್ಸವದ ಆಹ್ವಾನಕ್ಕೆ ಕಾಯಬೇಡಿ. ನಿಮ್ಮೂರಿನ ಬ್ಯಾಣವನ್ನು, ಗೋಮಾಳವನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಚಿತ್ರಿಸಿ. ಅದರ ಪಹಣಿಯನ್ನು ತೆಗೆಸಿ ಓದಿ. ಅಲ್ಲಿ ದನ ಮೇಯಿಸುವವರ ಮಾತನ್ನು ಅವರ ಹೆಸರಿನೊಡನೆ ದಾಖಲಿಸಿ, ಅವರಿಗೇ ಮೊದಲು ತೋರಿಸಿ. ವರವು ಕಾವಲಿನವರಿಗೆ ಈ ಕಾಲಾವಕಾಶ ದೊರೆಯಲಿಲ್ಲ. ನಮಗೆ ಇನ್ನೂ ಇದೆ.